ನಾಲೆಯಲ್ಲಿ ಈಜು ಕಲಿತವರಿಗೆ ಕಡಲಲ್ಲಿ ಸರ್ಫಿಂಗ್ ಆಗುತ್ತಾ?

ನೀವು ಕೇಳಿರುವುದು ಇಷ್ಟು: ಊರು ಮಂಡ್ಯ ಕಡೆ, ಕೆಲಸ ಮೈಸೂರಲ್ಲಿ, ವಯಸ್ಸು 29, ಈಜು ಕಲಿತದ್ದು ಊರ ನಾಲೆಯಲ್ಲಿ. ಸಮುದ್ರದಿಂದ ಇಷ್ಟು ದೂರ ಇರುವವರು ಸರ್ಫಿಂಗ್, ಅಂದರೆ ಹಲಗೆ ಮೇಲೆ ನಿಂತು ಅಲೆ ಜೊತೆ ಜಾರುವುದನ್ನು, ಕಲಿಯೋದು ಆಗುವ ಮಾತಾ?

ಆಗುತ್ತದೆ. ಧೈರ್ಯವಾಗಿ ಹೊರಡಿ. ನಾನೂ ಮಂಡ್ಯ ತಾಲ್ಲೂಕಿನ ಹಳ್ಳಿಯವಳು, ಕೆಲಸ ಮೈಸೂರಿನ ಹೂಟಗಳ್ಳಿ ಕಡೆ. ಮೊದಲ ಸಲ ಹಲಗೆ ಮೇಲೆ ಎದ್ದು ನಿಂತಾಗ ನನಗೆ 33. ಈಗ ನಾಲ್ಕು ವರ್ಷ ಆಯ್ತು. ವರ್ಷಕ್ಕೆ ನಾಲ್ಕೈದು ಸಲ ಮಂಗಳೂರು ಹತ್ತಿರದ ಮುಲ್ಕಿಗೆ ಹೋಗಿ ಬರುತ್ತೇನೆ. ನಮ್ಮ ಕಡೆಯವರಿಗೆ ಇದರಲ್ಲಿ ಯಾವುದು ಸುಲಭ, ಯಾವುದು ಕಷ್ಟ ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ನಾಲೆ ವಿಷಯ. ಅದನ್ನು ಕಡಿಮೆ ಅಂದುಕೊಳ್ಳಬೇಡಿ. ನನಗೆ ಈಜು ಕಲಿಸಿದ್ದು ತಾತ. ಬೆನ್ನಿಗೆ ಬೆಂಡು ಕಟ್ಟಿ ವಿ.ಸಿ. ನಾಲೆಗೆ ಇಳಿಸುತ್ತಿದ್ದರು. ನಾನು ಹೆದರಿ ಹರಿವಿಗೆ ಎದುರಾಗಿ ಕೈ ಬಡಿಯುತ್ತಿದ್ದೆ. ಎಷ್ಟು ಬಡಿದರೂ ಇದ್ದಲ್ಲೇ. ತಾತ ದಡದ ಮೇಲೆ ನನ್ನ ಪಕ್ಕಪಕ್ಕಕ್ಕೇ ನಡೆದು ಬರುತ್ತಾ ಹೇಳುತ್ತಿದ್ದರು: "ನೀರ್ ಜೊತೆ ಜಗಳ ಆಡ್ಬೇಡ ಕಣವ್ವ. ಅದು ಎಳ್ಕೊಂಡು ಹೋದಂಗೆ ಹೋಗ್ತಾ, ಓರೆಯಾಗಿ ದಡಕ್ ಬಾ." ಇಪ್ಪತ್ತೈದು ವರ್ಷ ಆದಮೇಲೆ ಕಡಲಲ್ಲಿ ನನ್ನನ್ನು ಉಳಿಸಿದ್ದು ಇದೇ ಮಾತು.

ಅದು ನನ್ನ ಎರಡನೇ ಪ್ರಯಾಣ. ಮೊದಲ ಸಲ ಕಲಿತದ್ದೇ ಸಾಕು ಅಂತ ಹೇಳಿಕೊಡುವವರಿಲ್ಲದೆ ಹಲಗೆ ಬಾಡಿಗೆಗೆ ತಗೊಂಡು ಇಳಿದುಬಿಟ್ಟೆ. ಎಡಗಡೆ ಅಲೆ ಒಡೆಯುತ್ತಿತ್ತು, ಬಲಗಡೆಯೂ ಒಡೆಯುತ್ತಿತ್ತು. ನಡುವೆ ಒಂದು ಹತ್ತು ಹದಿನೈದು ಮಾರಿನಷ್ಟು ಜಾಗದಲ್ಲಿ ಮಾತ್ರ ನೊರೆ ಇಲ್ಲ, ನೀರು ಕಲ್ಯಾಣಿಯ ಹಾಗೆ ಸುಮ್ನೆ ಇತ್ತು. ಇದೇ ಒಳ್ಳೆ ಜಾಗ ಅಂದುಕೊಂಡೆ. ಹೊಸಬರು ಎಲ್ಲರೂ ಅಂದುಕೊಳ್ಳುವುದು ಹಾಗೇ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕಲ್ವಾ? ಅದು ತಳದಲ್ಲಿ ಆಳ ಇರುವ ಕಡೆ ಸೇರಿಕೊಂಡು ನಾಲೆಯ ಹಾಗೆ ಕಡಲ ಕಡೆಗೆ ಹರಿಯುತ್ತದೆ. ಆಳ ಇರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ಅದಕ್ಕೇ ನೋಡಲು ಶಾಂತ. ಅದೇ ಸೆಳವು.

ಗುರುತಿಗೆ ಅಂತ ದಡದ ಒಂದು ಬಾಗಿದ ತೆಂಗಿನ ಮರ ನೋಡಿಟ್ಟುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಅದು ಬೆರಳುದ್ದ ಆಗಿತ್ತು. ದಡದ ಕಡೆ ತಿರುಗಿ ಜೋರಾಗಿ ಕೈ ಹಾಕಿದೆ. ತೋಳು ಸೋತಿತು, ಮರ ಇನ್ನೂ ಚಿಕ್ಕದಾಯ್ತು. ಆಗ ತಾತ ನೆನಪಾದರು. ಹಲಗೆ ಮೇಲೆ ಎದೆ ಊರಿ ಮಲಗಿದೆ. ಉಸಿರು ಸರಿ ಮಾಡಿಕೊಂಡೆ. ದಡದ ಆಸೆ ಬಿಟ್ಟು, ದಡಕ್ಕೆ ಸಮನಾಗಿ, ಎಡಗಡೆ ನೊರೆ ಕಾಣುತ್ತಿದ್ದ ಕಡೆಗೆ ಹೋದೆ. ಸೆಳವಿನ ಅಗಲ ತುಂಬಾ ಇರಲಿಲ್ಲ. ಅದರಿಂದ ಆಚೆ ಬಂದ ತಕ್ಷಣ ಅಲೆಗಳೇ ತಳ್ಳಿ ದಡಕ್ಕೆ ತಂದವು. ಮರಳ ಮೇಲೆ ಕೂತು ಬಹಳ ಹೊತ್ತು ಅತ್ತೆ. ಅವತ್ತಿನಿಂದ ಒಂಟಿಯಾಗಿ ಇಳಿದಿಲ್ಲ. ನೀವೂ ಇಳಿಯಬೇಡಿ. ಇನ್ನೊಂದು ಮಾತು: ಏನೇ ಆದರೂ ಹಲಗೆ ಬಿಡಬೇಡಿ. ಕರುವಿಗೆ ಕಣ್ಣಿ ಹಾಕಿದ ಹಾಗೆ ನಿಮ್ಮ ಕಾಲಿಗೂ ಹಲಗೆಗೂ ಒಂದು ಹಗ್ಗ ಇರುತ್ತದೆ, ಅದಕ್ಕೆ ಲೀಶ್ ಅನ್ನುತ್ತಾರೆ. ನಿಮ್ಮನ್ನು ತೇಲಿಸುವುದು ಆ ಹಲಗೆಯೇ.

ಸೆಳವು ನಮಗೆ ಗೊತ್ತಿರುವ ನೀರು. ಅಲೆ ಹಾಗಲ್ಲ, ನಾಲೆಯವರಿಗೆ ಹೊಸದೇ. ಅಲೆ ಅಂದರೆ ನೀರೇ ದೂರದಿಂದ ಓಡಿ ಬರುತ್ತದೆ ಅಂತ ನಾನು ತಪ್ಪು ತಿಳಿದಿದ್ದೆ. ತೆನೆ ಬಿಟ್ಟ ಭತ್ತದ ಗದ್ದೆ ಮೇಲೆ ಗಾಳಿ ಬೀಸುವುದನ್ನು ನೋಡಿದ್ದೀರಲ್ಲ. ಈ ಬದುವಿನಿಂದ ಆ ಬದುವಿನವರೆಗೆ ಅಲೆ ಓಡುತ್ತದೆ, ಪೈರು ಮಾತ್ರ ನಿಂತಲ್ಲೇ ಬಾಗಿ ಏಳುತ್ತದೆ. ಕಡಲೂ ಹಾಗೇ. ಆಳದ ನೀರಿನಲ್ಲಿ ಹಲಗೆ ಮೇಲೆ ಕೂತಿದ್ದರೆ ಅಲೆ ನಿಮ್ಮನ್ನು ಎತ್ತಿ ಇಳಿಸಿ ಮುಂದೆ ಹೋಗುತ್ತದೆ. ದಡದ ಹತ್ತಿರ ಬಂದಾಗ ಅಲೆಯ ಬುಡಕ್ಕೆ ಮರಳು ತಗಲುತ್ತದೆ. ಬುಡ ನಿಧಾನ ಆಗುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ, ಎಡವಿದವರ ಹಾಗೆ ಮುಗ್ಗರಿಸುತ್ತದೆ. ಒಂದು ಅಂದಾಜು ಹೇಳುವುದಾದರೆ, ಮೂರು ಅಡಿ ಅಲೆ ಸುಮಾರು ನಾಲ್ಕು ಅಡಿ ನೀರಿನಲ್ಲಿ ಒಡೆಯುತ್ತದೆ. ಒಡೆಯುವ ಆ ಗಳಿಗೆಯ ಇಳಿಜಾರಿನ ಮೇಲೆ ಜಾರುವುದೇ ಸರ್ಫಿಂಗ್.

ಹಾಗಾದರೆ ಕೆ.ಆರ್.ಎಸ್. ಹಿನ್ನೀರಿನಲ್ಲಿ ಕಲಿಯಬಹುದಾ ಅಂತ ನನ್ನನ್ನು ಬಹಳ ಜನ ಕೇಳಿದ್ದಾರೆ. ಬೇಡ. ಆಷಾಢದ ಗಾಳಿಗೆ ಅಲ್ಲೂ ಅಲೆ ಏಳುತ್ತದೆ, ನಿಜ. ಆದರೆ ಗಾಳಿಗೆ ಓಡಲು ಜಾಗ ಸಾಲದು. ನಮ್ಮ ಕರಾವಳಿಗೆ ಬರುವ ಒಳ್ಳೆಯ ಅಲೆಗಳು ಎಷ್ಟೋ ಸಲ ದಕ್ಷಿಣ ಮಹಾಸಾಗರದ ಬಿರುಗಾಳಿಗೆ ಹುಟ್ಟಿದವು. ಸಾವಿರಾರು ಕಿಲೋಮೀಟರ್ ದಾಟಿ, ದಿನಗಟ್ಟಲೆ ಪ್ರಯಾಣ ಮಾಡಿ ಮುಲ್ಕಿಯ ಮರಳು ಮುಟ್ಟುತ್ತವೆ. ಇದನ್ನು ತಿಳಿದ ಮೇಲೆ ಒಂದೊಂದು ಅಲೆಯನ್ನೂ ದೂರದ ನೆಂಟರ ಹಾಗೆ ನೋಡುತ್ತೇನೆ. ಹಿನ್ನೀರಿನಲ್ಲಿ ಹೂಳು, ಮುಳುಗಿದ ಮರದ ಬೊಡ್ಡೆ ಇರುತ್ತವೆ, ಕಾವೇರಿಯಲ್ಲಿ ಮೊಸಳೆಯೂ ಇದೆ. ಅಭ್ಯಾಸಕ್ಕೆ ಈಜುಕೊಳ ಸಾಕು.

ಮೈಸೂರಿನಲ್ಲೇ ಇದ್ದುಕೊಂಡು ಮಾಡಬಹುದಾದ ತಯಾರಿ ಬಹಳ ಇದೆ. ನನ್ನ ಅನುಭವದಲ್ಲಿ ಸರ್ಫಿಂಗ್‌ನಲ್ಲಿ ನಿಲ್ಲುವುದು ಕಡಿಮೆ, ಬೋರಲು ಮಲಗಿ ಕೈಯಲ್ಲಿ ಹುಟ್ಟು ಹಾಕುವುದೇ ಜಾಸ್ತಿ. ಮೊದಲು ಸೋಲುವುದು ಭುಜ ಮತ್ತು ಕತ್ತು. ವಾರಕ್ಕೆ ಮೂರು ದಿನ ಕೊಳದಲ್ಲಿ ಈಜಿ. ಮನೆಯಲ್ಲಿ ಯೋಗದ ಚಾಪೆ ಹಾಸಿ ಭುಜಂಗಾಸನದ ಹಾಗೆ ಎದೆ ಎತ್ತಿ, ಅಂಗೈ ಪಕ್ಕೆಲುಬಿನ ಹತ್ತಿರ ಊರಿ, ಒಂದೇ ಸಲಕ್ಕೆ ಕಾಲು ಒಳಗೆ ಎಳೆದು ಎದ್ದು ನಿಲ್ಲುವುದನ್ನು ಮಾಡಿ. ಮಂಡಿ ಊರುವ ಅಭ್ಯಾಸ ಬೇಡ, ಆಮೇಲೆ ಬಿಡಿಸುವುದು ಕಷ್ಟ. ಯಾವ ಕಾಲು ಮುಂದೆ? ಯಾರಿಗಾದರೂ ಹೇಳಿ, ನಿಮಗೆ ಗೊತ್ತಿಲ್ಲದ ಹಾಗೆ ಹಿಂದಿನಿಂದ ಮೆತ್ತಗೆ ತಳ್ಳಲಿ. ತಾನಾಗಿ ಮುಂದೆ ಬಂದ ಕಾಲೇ ಹಲಗೆಯ ಮೇಲೂ ಮುಂದೆ ಬರುವ ಸಾಧ್ಯತೆ ಜಾಸ್ತಿ. ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲು ಮುಂದಿದ್ದರೆ ಗೂಫಿ ಅಂತಾರೆ. ಎರಡೂ ಸರಿಯೇ.

ಎಲ್ಲಿಗೆ ಹೋಗಬೇಕು? ಮುಲ್ಕಿ. ನಮ್ಮ ದೇಶದಲ್ಲಿ ಸರ್ಫಿಂಗ್ ಬೇರು ಬಿಟ್ಟ ಊರುಗಳಲ್ಲಿ ಅದೂ ಒಂದು. ಅಲ್ಲಿನ ಮಂತ್ರ ಸರ್ಫ್ ಕ್ಲಬ್ ಬಹಳ ಹಳೆಯದು. ಉಡುಪಿ ಬಳಿಯ ಕೋಡಿ ಬೆಂಗ್ರೆಯಲ್ಲಿ ಇಶಿತಾ ಮಾಳವೀಯ ಮತ್ತು ತುಷಾರ್ ಪತಿಯಾನ್ 2007ರಲ್ಲಿ ಶುರು ಮಾಡಿದ ಶಾಕಾ ಸರ್ಫ್ ಕ್ಲಬ್ ಇದೆ. ದೇಶದ ಮೊದಲ ಮಹಿಳಾ ಸರ್ಫರ್ ಅಂತ ಇಶಿತಾ ಹೆಸರಾದವರು. ಮುಲ್ಕಿ ಪಕ್ಕದ ಸಸಿಹಿತ್ಲು, ನಂದಿನಿ ಮತ್ತು ಶಾಂಭವಿ ನದಿಗಳು ಕಡಲು ಸೇರುವ ಅಳಿವೆ. 2016ರಿಂದ ಅಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. 2025ರಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ದೇಶದ ಸರ್ಫರ್ ರಮೇಶ್ ಬುದಿಹಾಳ್ ಕಂಚು ಗೆದ್ದರು. ಆ ದಿನ ನಾನು ಆಫೀಸಿನಲ್ಲಿ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದೆ.

ಈ ಆಟ ಹುಟ್ಟಿದ ಕಡೆಯ ಕಥೆಯನ್ನೂ ತಿಳಿದುಕೊಳ್ಳಿ, ಆಟದ ಮೇಲೆ ಗೌರವ ಹೆಚ್ಚುತ್ತದೆ. ಹವಾಯಿ ದ್ವೀಪಗಳಲ್ಲಿ ಅರಸರೂ ಆಡುತ್ತಿದ್ದರು, ಸಾಮಾನ್ಯರೂ ಆಡುತ್ತಿದ್ದರು, ಹೆಂಗಸರೂ ಆಡುತ್ತಿದ್ದರು. ಅರಸು ಮನೆತನದವರ ಉದ್ದನೆಯ ಓಲೋ ಹಲಗೆಗೆ ವಿಲಿವಿಲಿ ಅನ್ನುವ ಹಗುರ ಮರ ಬಳಸುತ್ತಿದ್ದರು. ಅದು ನಮ್ಮ ಹಾಲುವಾಣದ ಜಾತಿಯ ಮರ. ಅವರೂ ಹಗುರ ಮರ ಹುಡುಕಿದರು, ನಮ್ಮ ತಾತನೂ ಬೆಂಡು ಹುಡುಕಿದರು ಅಂತ ಓದಿ ನನಗೆ ತುಂಬಾ ಸಂತೋಷ ಆಯ್ತು. 19ನೇ ಶತಮಾನದಲ್ಲಿ ಮಿಷನರಿಗಳು ಈ ಆಟವನ್ನು ಒಳ್ಳೆಯ ಕಣ್ಣಿನಿಂದ ನೋಡಲಿಲ್ಲ, ಹೊರಗಿನಿಂದ ಬಂದ ರೋಗಗಳಿಂದ ಅಲ್ಲಿಯ ಜನರೇ ಕಡಿಮೆಯಾದರು. ಆಟ ಸೊರಗಿತು, ಸಾಯಲಿಲ್ಲ. ಅದನ್ನು ಜಗತ್ತಿಗೆ ತೋರಿಸಿದವರಲ್ಲಿ ದೊಡ್ಡವರು ಡ್ಯೂಕ್ ಕಹನಮೋಕು. 1912 ಮತ್ತು 1920ರ ಒಲಿಂಪಿಕ್ಸ್‌ನಲ್ಲಿ ಈಜಿನಲ್ಲಿ ಚಿನ್ನ ಗೆದ್ದವರು. 1925ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬಳಿ ಮೀನುಗಾರಿಕೆ ದೋಣಿ ಮಗುಚಿದಾಗ, ತಮ್ಮ ಹಲಗೆ ಹಿಡಿದು ಮತ್ತೆ ಮತ್ತೆ ಅಲೆಗೆ ನುಗ್ಗಿ 8 ಜನರನ್ನು ದಡಕ್ಕೆ ತಂದರು. ಸರ್ಫಿಂಗ್ ಒಲಿಂಪಿಕ್ಸ್ ಸೇರಿದ್ದು 2021ರಲ್ಲಿ, ಟೋಕಿಯೊ ಕೂಟದಲ್ಲಿ. ಪದಕಕ್ಕಿಂತ ಆ 8 ಜನರೇ ನನಗೆ ದೊಡ್ಡದಾಗಿ ಕಾಣುತ್ತಾರೆ.

ನೀರಿನಲ್ಲಿ ಒಂದು ಕಟ್ಟುಪಾಡು ಇದೆ. ಒಂದು ಅಲೆಗೆ ಒಬ್ಬರೇ. ಅಲೆ ಒಡೆಯಲು ಶುರುವಾಗುವ ಜಾಗಕ್ಕೆ ಯಾರು ಹತ್ತಿರ ಇದ್ದಾರೋ ಆ ಅಲೆ ಅವರದ್ದು, ಉಳಿದವರು ಬಿಟ್ಟುಕೊಡಬೇಕು. ಗದ್ದೆಗೆ ನೀರು ಬಿಡುವ ಪಾಳಿ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲಲ್ಲಿ ನೀರುಗಂಟಿ ಇರುವುದಿಲ್ಲ ಅಷ್ಟೇ, ಪಾಳಿಯನ್ನು ನಾವೇ ಕಾಪಾಡಬೇಕು. ಪಾಳಿ ತಪ್ಪಿದರೆ ಇಬ್ಬರ ತಲೆಗೂ ಪೆಟ್ಟು.

ಮೀನುಗಾರರ ಮಾತಿಗೆ ಬೆಲೆ ಕೊಡಿ. ಒಂದು ಬೆಳಗ್ಗೆ ನಾವು ನಾಲ್ಕು ಜನ ಹಲಗೆ ಹೊತ್ತು ನಿಂತಿದ್ದೆವು. ಮೊಬೈಲಿನಲ್ಲಿ ಎಲ್ಲ ಚೆನ್ನಾಗಿದೆ ಅಂತ ತೋರಿಸುತ್ತಿತ್ತು. ಬಲೆ ಬಿಡಿಸುತ್ತಿದ್ದ ವಯಸ್ಸಾದವರೊಬ್ಬರು ಕೈ ನಿಲ್ಲಿಸದೆ ಕಡಲ ಕಡೆ ಒಂದು ಸಲ ನೋಡಿ, "ಇವತ್ತು ಬೇಡ ಅಕ್ಕ, ನೀರು ಸರಿ ಇಲ್ಲ" ಅಂದರು. ನಾವು ಹಲಗೆ ಕೆಳಗಿಟ್ಟೆವು. ಹತ್ತು ಗಂಟೆ ಹೊತ್ತಿಗೆ ಗಾಳಿ ತಿರುಗಿ ಅಲೆಗಳು ಅಡ್ಡಾದಿಡ್ಡಿ ಎದ್ದವು. ಆ ದಡ ಅವರ ಅಂಗಳ. ಬಲೆ ತುಳಿಯಬೇಡಿ, ದೋಣಿ ಎಳೆಯುವ ದಾರಿಯಲ್ಲಿ ಹಲಗೆ ಇಡಬೇಡಿ, ಕೈ ಬೇಕಿದ್ದರೆ ದೋಣಿ ತಳ್ಳಲು ಹೋಗಿ.

ನಿಮಗೆ ಸರಿಯಾದ ಕಾಲ ಅಂದರೆ ನವೆಂಬರ್‌ನಿಂದ ಫೆಬ್ರವರಿ. ಅಲೆ ಚಿಕ್ಕದು, ಸೊಂಟದ ಮಟ್ಟ. ಮೇ ಹೊತ್ತಿಗೆ ದೊಡ್ಡದಾಗುತ್ತದೆ, ಅದು ಪಳಗಿದವರಿಗೆ. ಮಳೆಗಾಲದಲ್ಲಿ ಇಳಿಯಲೇಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ಕಡಲಿಗೆ ಹೋಗುವುದಿಲ್ಲ.

ಖರ್ಚಿಗೆ ಹೆದರಬೇಡಿ. ಹಲಗೆ ಕೊಳ್ಳಬೇಡಿ, ಎರಡು ವರ್ಷ ಬಾಡಿಗೆಯೇ ಸಾಕು. ಎಂಟು ಒಂಬತ್ತು ಅಡಿಯ, ಮೇಲ್ಮೈ ಮೆತ್ತಗಿರುವ ಹಲಗೆ ಕೇಳಿ, ತಲೆಗೆ ತಗುಲಿದರೂ ಪೆಟ್ಟು ಕಡಿಮೆ. ಉದ್ದ ತೋಳಿನ ಈಜು ಬಟ್ಟೆ ಹಾಕಿ, ಇಲ್ಲದಿದ್ದರೆ ಹೊಟ್ಟೆ ಚರ್ಮ ತರಚುತ್ತದೆ. ಶುಕ್ರವಾರ ರಾತ್ರಿ ಮೈಸೂರಿನಿಂದ ಮಂಗಳೂರು ಬಸ್ಸು ಹತ್ತಿದರೆ ಮಡಿಕೇರಿ, ಸಂಪಾಜೆ ಘಾಟಿ ದಾಟಿ ಬೆಳಗಿನ ಹೊತ್ತಿಗೆ ಮಂಗಳೂರು. ಅಲ್ಲಿಂದ ಉಡುಪಿ ಕಡೆ ಹೋಗುವ ಬಸ್ಸಿನಲ್ಲಿ ಮುಲ್ಕಿ ಸುಮಾರು 30 ಕಿಲೋಮೀಟರ್. ಭಾನುವಾರ ರಾತ್ರಿ ಹೊರಟರೆ ಸೋಮವಾರ ಕೆಲಸಕ್ಕೆ ಹಾಜರಾಗಬಹುದು.

ಮೊದಲ ದಿನ ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲಿಸಿ, ಒಡೆದು ಬರುವ ನೊರೆಗೆ ಹಲಗೆ ತಳ್ಳಿಕೊಡುತ್ತಾರೆ. ನಾನು ಹದಿನೇಳು ಸಲ ಬಿದ್ದೆ, ಎಣಿಸಿದ್ದೇನೆ. ಹದಿನೆಂಟನೇ ಸಲ ಪಾದದ ಕೆಳಗೆ ಹಲಗೆ ಒಮ್ಮೆ ನಡುಗಿ ನಿಂತಿತು. ಆಮೇಲೆ ಕಿವಿಯಲ್ಲಿ ಗಾಳಿ, ಕೆಳಗೆ ನೊರೆಯ ಸರಸರ ಸದ್ದು, ಎದುರಿಗೆ ದಡವೇ ನನ್ನ ಕಡೆ ಓಡಿ ಬರುತ್ತಿತ್ತು. ಮೂರೋ ನಾಲ್ಕೋ ಸೆಕೆಂಡು. ಹಲಗೆಯ ಮೂತಿ ಮರಳಿಗೆ ತಾಗಿತು, ಕೆಳಗಿಳಿದೆ, ಹಲಗೆ ತಿರುಗಿಸಿಕೊಂಡು ಮತ್ತೆ ಕಡಲ ಕಡೆ ನಡೆದೆ.