ಪಿಯುಸಿ ಆದಮ್ಯಾಲ ಕ್ವಾಂಟಿಟೇಟಿವ್ ಫೈನಾನ್ಸ್ ಡಿಗ್ರಿ ತಗೋಬೇಕಾ, ಇಲ್ಲ ಇಲ್ಲೇ ಬಿಎಸ್ಸಿ ಮಾಡಿದ್ರ ನಡೀತದಾ?

ಅಣ್ಣಾರ, ನೀವು ಕೇಳಿದ್ದು ಇದು: ತಂಗಿ ಯಾದಗಿರಿಯಾಗ ಸೆಕೆಂಡ್ ಪಿಯುಸಿ ಪಿಸಿಎಂಸಿ ಓದ್ಲಿಕತ್ಯಾಳ, ಗಣಿತದಾಗ ಚುರುಕದಾಳ, ಬೆಂಗಳೂರಿನ ಯಾವ್ದೋ ಪ್ರೈವೇಟ್ ಕಾಲೇಜಿನವ್ರು ಮೂರು ವರ್ಷದ ಕ್ವಾಂಟಿಟೇಟಿವ್ ಫೈನಾನ್ಸ್ ಡಿಗ್ರಿ ಅಂತ ಬ್ರೋಷರ್ ಕಳಿಸ್ಯಾರ, ಫೀ ನೋಡಿ ಅಪ್ಪಾಜಿ ಸುಮ್ಮನಾಗ್ಯಾರ, ಅದನ್ನ ತಗೋಬೇಕಾ ಇಲ್ಲ ಕಲಬುರಗಿಯಾಗ ಬಿಎಸ್ಸಿ ಮಾಡಿದ್ರೂ ಆ ಲೈನಿಗೆ ಹೋಗ್ಲಿಕ್ಕ ಆಗ್ತದಾ. ನಾ ಕಲಬುರಗಿಯಾಗೇ ಬಿಎಸ್ಸಿ, ಆಮ್ಯಾಲ ಸ್ಟ್ಯಾಟಿಸ್ಟಿಕ್ಸ್ ಎಂಎಸ್ಸಿ ಮಾಡಿ ಈಗ ಬೆಂಗಳೂರಿನಾಗ ಒಂದು ಬ್ಯಾಂಕಿನ ರಿಸ್ಕ್ ಟೀಮಿನಾಗ ಅದೀನಿ, ಬ್ಯಾರೆಯವ್ರು ಕಟ್ಟಿದ ಮಾಡೆಲ್ ಸರಿ ಅದಾವೋ ಇಲ್ಲೋ ಅಂತ ತಿರುವಿ ಮುರುವಿ ನೋಡೋದು ನನ್ ಕೆಲ್ಸ. ನನ್ನ ಕೇಳಿದ್ರ, ಡಿಗ್ರಿ ಸರ್ಟಿಫಿಕೇಟ್ ಮ್ಯಾಲ ಫೈನಾನ್ಸ್ ಅನ್ನೋ ಹೆಸ್ರು ಇರೋದು ಮುಖ್ಯ ಅಲ್ರಿ, ಮೂರು ವರ್ಷದಾಗ ಗಣಿತ ಎಷ್ಟು ಆಳಕ್ಕ ಇಳಿತು ಅನ್ನೋದೇ ಮುಖ್ಯ.

ಮೊದ್ಲು ಮನ್ಯಾಗ ಎಲ್ರಿಗೂ ಕ್ವಾಂಟ್, ಅಂದ್ರ ಈ ಕ್ವಾಂಟಿಟೇಟಿವ್ ಫೈನಾನ್ಸ್ ಕೆಲ್ಸದವ್ರು, ಏನ್ ಮಾಡ್ತಾರಂತ ತಿಳಿಸ್ರಿ, ಯಾಕಂದ್ರ ಟೆಲಿಗ್ರಾಮಿನಾಗ ಆಪ್ಷನ್ ಟಿಪ್ಸ್ ಮಾರೋರೂ ಈಗ ಅದೇ ಹೆಸ್ರು ಹಚ್ಕೊಂಡು ಕುಂತಾರ. ಶೇರು ಮಾರ್ಕೆಟ್ ಮ್ಯಾಲ ಕಣ್ಣಿಡೋ ಸೆಬಿ 2024ರಾಗ ಕೊಟ್ಟ ಲೆಕ್ಕದಾಗ 2021-22ರಿಂದ 2023-24ರ ತನ ಮೂರು ವರ್ಷ ಫ್ಯೂಚರ್ಸ್-ಆಪ್ಷನ್ಸ್ (ಮುಂದಿನ ಬೆಲಿ ಮ್ಯಾಲ ಇವತ್ತೇ ಮಾಡೋ ಕರಾರು) ಆಡಿದ ಸಾದಾ ಜನರಾಗ 93% ಮಂದಿ ಕಳ್ಕೊಂಡಾರ, ತಲಿಗೆ ಸರಾಸರಿ 2 ಲಕ್ಷದ ಸುತ್ತಮುತ್ತ. ಗೆದ್ದ ದೊಡ್ಡ ಕಂಪನಿಗಳ ಲಾಭ ಹೆಚ್ಚುಕಮ್ಮಿ ಪೂರಾ ಕಂಪ್ಯೂಟರ್ ಅಲ್ಗಾರಿದಮ್‌ನಿಂದ ಬಂದದ್ದು ಅಂತನೂ ಅದರಾಗೇ ಅದ. ಆ ಅಲ್ಗಾರಿದಮ್ ಬರಿಯೋರು, ಆಪ್ಷನ್ನಿಗೆ ಬೆಲಿ ಕಟ್ಟೋರು, ಬ್ಯಾಂಕು ಒಂದು ಕೆಟ್ಟ ದಿನ ಎಷ್ಟು ಮುಳುಗಬಹುದು ಅಂತ ಲೆಕ್ಕ ಹಾಕೋರು, ಇವ್ರು ಕ್ವಾಂಟ್. ತಂಗಿಗಿ ಯಾವ್ದು ಬೇಕಂತ ಆಕಿನ್ನೇ ಕೇಳ್ರಿ.

ಆಪ್ಷನ್ನಿಗೆ ಬೆಲಿ ಕಟ್ಟೋದು ಅಂದ್ರ ಹ್ಯಾಂಗ ಅಂತ ನಮ್ ತೊಗರಿ ಮ್ಯಾಲೇ ಹೇಳ್ತೀನಿ. ಇವತ್ತು ಗಂಜಿನಾಗ (ಎಪಿಎಂಸಿ ಮಾರ್ಕೆಟಿನಾಗ) ಕ್ವಿಂಟಲ್ 7000 ಅಂತ ಇಟ್ಕೋರಿ (ಲೆಕ್ಕಕ್ಕ ಅಷ್ಟ, ಇವತ್ತಿನ ಧಾರಣಿ ಅಲ್ಲ). ರಾಶಿ ಹೊತ್ತಿಗೆ ಒಂದೋ 8000 ಆಗ್ತದ, ಇಲ್ಲ 6000ಕ್ಕ ಬೀಳ್ತದ. ನಾ ಒಬ್ಬ ರೈತಗ, ಬೆಲಿ ಬಿದ್ರ ನಿನ್ನ ಒಂದು ಕ್ವಿಂಟಲ್ 7000ಕ್ಕೇ ನಾ ತಗೋತೀನಿ ಅಂತ ಮಾತು ಕೊಡ್ತೀನಿ (ಹಿಂತಾ ಮಾತಿಗೇ ಪುಟ್ ಆಪ್ಷನ್ ಅಂತಾರ), ಆ ಮಾತಿಗೆ ಎಷ್ಟು ರೊಕ್ಕ ಇಸ್ಕೋಬೇಕು? ಉತ್ತರ 500. ಹ್ಯಾಂಗಂದ್ರ, 500 ಇಸ್ಕೊಂಡು ಅವತ್ತೇ ಯಾರಿಂದರ ಅರ್ಧ ಕ್ವಿಂಟಲ್ ಕಡ ತಂದು 3500ಕ್ಕ ಮಾರ್ತೀನಿ, ಕೈಯಾಗ 4000 ಆತು. ಬೆಲಿ 8000 ಆದ್ರ ರೈತ ನನ್ ಕಡಿ ಬರಂಗಿಲ್ಲ, ಕಡ ತಂದ ಅರ್ಧ ಕ್ವಿಂಟಲ್ ವಾಪಸ್ ಕೊಡ್ಲಿಕ್ಕ 4000 ಬೇಕು, ಸರಿಹೋತು. 6000ಕ್ಕ ಬಿದ್ರ ರೈತನ ಮಾಲಿನಾಗ ನಂಗ 1000 ಲುಕ್ಸಾನು, ಕಡ ತೀರಿಸ್ಲಿಕ್ಕ 3000, ಕೂಡಿಸಿದ್ರ ಅದೇ 4000. ಬಡ್ಡಿ ಬಿಟ್ರಿ ಅಂದ್ರ ಎರಡೂ ಕಡಿ ಚುಕ್ತಾ. ಮಜಾ ಎಲ್ಲದ ಅಂದ್ರ, ಬೆಲಿ ಏರೋ ಸಂಭವ ಎಷ್ಟು ಅನ್ನೋದು ಈ ಲೆಕ್ಕದಾಗ ಎಲ್ಲೂ ಬರಲೇ ಇಲ್ಲ, ಇಡೀ ಗಂಜು ಏರೇ ಏರ್ತದ ಅಂತ ಕೂಗಿದ್ರೂ ಬೆಲಿ 500ನೇ. ಎರಡೇ ಬೆಲಿ ಬಿಟ್ಟು ಕ್ಷಣಕ್ಷಣಕ್ಕೂ ಅಲ್ಲಾಡೋ ಬೆಲಿಗೆ ಇದೇ ವಿಚಾರ ಹಚ್ಚಿದ್ರ ಆಪ್ಷನ್ ಬೆಲಿ ಹೇಳೋ, 1973ರಾಗ ಬಂದ ಬ್ಲ್ಯಾಕ್-ಶೋಲ್ಸ್ ಸೂತ್ರ ಸಿಗ್ತದ, ಅದಕ್ಕ 1940ರ ದಶಕದಾಗ ಜಪಾನಿನ ಕಿಯೋಶಿ ಇಟೊ ಕಟ್ಟಿದ ಕ್ಯಾಲ್ಕುಲಸ್ ಬೇಕು, ಬಿಡಿಸ್ಲಿಕ್ಕ ಹೋದ್ರ ಕೊನಿಗೆ ಬಿಸಿ ಹ್ಯಾಂಗ ಹರಡ್ತದ ಅಂತ ಹೇಳೋ ಫಿಸಿಕ್ಸಿನ ಹೀಟ್ ಇಕ್ವೇಷನ್ನೇ ಎದುರಿಗೆ ಬರ್ತದ. ಅಂದಂಗ ಸರ್ಕಾರದ ಬೆಂಬಲ ಬೆಲಿನೂ ಹಿಂತಾದ್ದೇ ಒಂದು ಪುಟ್ ಆಪ್ಷನ್, ರೈತಗ ಪುಕ್ಕಟೆ, ಖರೀದಿ ಕೇಂದ್ರ ಟೈಮಿಗೆ ತೆರೆದ್ರ. ತೊಗರಿ ಫ್ಯೂಚರ್ಸ್ 2007ರಾಗೇ ಬಂದ್ ಆದ್ವು, ಹಂಗಾಗಿ ನಾ ಹೇಳಿದ ಈ ಹೆಡ್ಜಿಂಗ್ (ಲುಕ್ಸಾನು ಮೊದ್ಲೇ ಸರಿದೂಗಿಸ್ಕೊಳ್ಳೋದು) ತೊಗರಿಯಾಗ ಕಾಗದದ ಮ್ಯಾಲಷ್ಟ.

ಈಗ ಆ ಬ್ರೋಷರ್. ಫೋಟೋ, ಪ್ಲೇಸ್‌ಮೆಂಟ್ ಪುಟ ಬಿಟ್ಟು ಸೀದಾ ಸಿಲಬಸ್ ತೆಗೀರಿ. ರಿಯಲ್ ಅನಾಲಿಸಿಸ್ ಅದನಾ, ಲೀನಿಯರ್ ಆಲ್ಜಿಬ್ರಾ ಅದನಾ, ಪ್ರಾಬಬಿಲಿಟಿ ಒಂದೇ ಸೆಮಿಸ್ಟರಿಗೆ ಮುಗಿಸ್ಯಾರಾ ಇಲ್ಲ ಮುಂದ ಸ್ಟೊಕ್ಯಾಸ್ಟಿಕ್ ಪ್ರೊಸೆಸ್ ತನ ಒಯ್ದಾರಾ, ಟೈಮ್ ಸೀರೀಸ್, ನ್ಯೂಮರಿಕಲ್ ಮೆಥಡ್ಸ್, ಪೈಥಾನ್ ಅಥವಾ ಸಿ++ ಲ್ಯಾಬ್ ಅದಾವಾ ನೋಡ್ರಿ. ಅದು ಬಿಟ್ಟು ಬಿಸ್ನೆಸ್ ಮ್ಯಾತ್ಸ್ ಒಂದು ಪೇಪರು, ಉಳಿದದ್ದು ಮಾರ್ಕೆಟಿಂಗ್, ಎಚ್‌ಆರ್, ಅಕೌಂಟ್ಸ್ ಅಂತಿದ್ರ ಅದು ಬೋರ್ಡ್ ಬದಲಿಸಿದ ಬಿಬಿಎ, ಅಷ್ಟು ರೊಕ್ಕ ಸುರಿಯೋದು ಬ್ಯಾಡ್ರಿ. ಖರೇನೆ ಚಲೋ ಇರೋ ಯುಜಿ ಕೋರ್ಸುಗಳು ಪರದೇಶದಾಗ ಅದಾವ, ಸಿಂಗಾಪುರದ ನ್ಯಾಷನಲ್ ಯೂನಿವರ್ಸಿಟಿಯಾಗ (ಎನ್‌ಯುಎಸ್) ಕ್ವಾಂಟಿಟೇಟಿವ್ ಫೈನಾನ್ಸ್ ಡಿಗ್ರಿ ಅದ, ಆದ್ರ ಅದನ್ನ ನಡಸೋದು ಅಲ್ಲಿನ ಮ್ಯಾತ್ಸ್ ಡಿಪಾರ್ಟ್‌ಮೆಂಟು. ಬಹಳಷ್ಟು ಕಡಿ ಇದು ಎಂಎಸ್ಸಿ ಮಟ್ಟದ ಸಬ್ಜೆಕ್ಟು, ಅಲ್ಲಿಗೆ ಬರೋರು ಮ್ಯಾತ್ಸು, ಸ್ಟ್ಯಾಟ್ಸು, ಫಿಸಿಕ್ಸು, ಎಂಜಿನಿಯರಿಂಗ್ ಮಾಡ್ಕೊಂಡೇ ಬಂದಿರ್ತಾರ.

ಕಲಬುರಗಿ ಬಗ್ಗೆ ಕೇಳಿದ್ರಲ್ಲ, ಮ್ಯಾತ್ಸ್, ಸ್ಟ್ಯಾಟಿಸ್ಟಿಕ್ಸ್, ಕಂಪ್ಯೂಟರ್ ಸೈನ್ಸ್ ಮೂರೂ ಕೂಡಿದ ಕಾಂಬಿನೇಷನ್ ಸಿಕ್ರ ಕಣ್ಣು ಮುಚ್ಚಿ ತಗೋರಿ. ಸ್ಟ್ಯಾಟ್ಸ್ ಎಲ್ಲಾ ಕಾಲೇಜಿನಾಗೂ ಇರಂಗಿಲ್ಲ, ಅರ್ಜಿ ಹಾಕೋಕಿಂತ ಮೊದ್ಲೇ ಹೋಗಿ ಕೇಳಬೇಕು, ಪಾಠ ಮಾಡೋ ಪರ್ಮನೆಂಟ್ ಮಾಸ್ತರು ಅದಾರಾ ಇಲ್ಲಾ ಬರೇ ಗೆಸ್ಟ್ ಲೆಕ್ಚರರಾ ಅಂತನೂ ಕೇಳ್ರಿ. ಆಳಂದ ತಾಲೂಕಿನ ಕಡಗಂಚಿಯ ಸೆಂಟ್ರಲ್ ಯೂನಿವರ್ಸಿಟಿ ಬೇಕಂದ್ರ ಸಿಯುಇಟಿ ಅನ್ನೋ ಎಂಟ್ರನ್ಸ್ ಬರೀಬೇಕು. ಯಾದಗಿರಿಯಿಂದ ವಾಡಿ ಮ್ಯಾಲ ಹಾದು ಟ್ರೇನಿಗೆ ಬರೋದು ಕಷ್ಟೇನಲ್ಲ, ಖರೆ ದಿನಾ ಓಡಾಡೋಕಿಂತ ಹಾಸ್ಟೆಲ್ ಚಲೋ, ಈ ಓದಿಗೆ ರಾತ್ರಿ ಕುಂತು ಲೆಕ್ಕ ಬಿಡಿಸೋ ಹೊತ್ತು ಬೇಕಾಗ್ತದ.

ನಮ್ ಕಡಿ ಬಿಎಸ್ಸಿಯಾಗಿನ ತೊಂದ್ರಿ ಏನಂದ್ರ, ಪರೀಕ್ಷೆಗೆ ಥಿಯರಂ ಬಾಯಿಪಾಠ ಮಾಡಿ ಬರದ್ರೂ 80 ಮಾರ್ಕ್ಸ್ ಬರ್ತದ. ಇಂಟರ್‌ವ್ಯೂನಾಗ ಅದು ನಡಿಯಂಗಿಲ್ಲ. ಅಲ್ಲಿ ಕೇಳೋದು ಹಿಂಗ: ದಾಳ ಒಗೀತಾ ಹೋದ್ರ 6 ಬೀಳ್ಲಿಕ್ಕ ಸರಾಸರಿ ಎಷ್ಟು ಸಲ ಒಗೀಬೇಕು? ಆರು ಸಲ, ಇದು ಹಗುರ. ಎರಡು 6 ಒಂದರ ಬೆನ್ನಿಗೊಂದು ಬೀಳ್ಬೇಕಂದ್ರ? ಥಟ್ ಅಂತ 36 ಅಂತಾರ ಎಲ್ರೂ, ಉತ್ತರ 42. ತಂಗಿಗಿ ಇದನ್ನ ಕೊಡ್ರಿ, ಉತ್ತರ ಹೇಳಬ್ಯಾಡ್ರಿ, ಆಕಿ ಊಟ ಬಿಟ್ಟು ಅದರ ಹಿಂದ ಬಿದ್ಲಂದ್ರ ಆಕಿಗಿ ಈ ಲೈನ್ ಒಗ್ತದ. ಕಾಲೇಜಿನಾಗ ಸಿಗದ ಭಾಗಕ್ಕ ಎನ್‌ಪಿಟೆಲ್ ಅನ್ನೋ ಆನ್‌ಲೈನ್ ಪಾಠದ ವೆಬ್‌ಸೈಟಿನಾಗ ಐಐಟಿ ಗುವಾಹಟಿಯವ್ರ ಮ್ಯಾಥಮ್ಯಾಟಿಕಲ್ ಫೈನಾನ್ಸ್ ಪಾಠ ಪುಕ್ಕಟೆ ಅದಾವ, ಖರೆ ಪ್ರಾಬಬಿಲಿಟಿ ಗಟ್ಟಿ ಆಗೋ ತನ ಅದನ್ನ ಮುಟ್ಟಬಾರದು.

ಇನ್ನೊಂದು ದಾರಿ ನೀವು ಬರದೇ ಇಲ್ಲ. ಐಎಸ್‌ಐ, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಸ್ಟ್ಯಾಟಿಸ್ಟಿಕ್ಸ್ ಪಂಡಿತ ಮಹಲನೋಬಿಸ್ ಅವ್ರು 1931ರಾಗ ಶುರು ಮಾಡಿದ್ದು. ಕೋಲ್ಕತ್ತಾದಾಗ ಬಿ.ಸ್ಟ್ಯಾಟ್, ನಮ್ ಬೆಂಗಳೂರಿನಾಗೇ ಬಿ.ಮ್ಯಾತ್. ಎಂಟ್ರನ್ಸ್ ಸಿಇಟಿ ಥರ ಅಲ್ರಿ, ಒಂದು ಪೇಪರಿನಾಗ ಪೂರಾ ಪ್ರೂಫ್ ಬರಿಯೋ ಎಂಟೇ ಪ್ರಶ್ನೆ, ಟೈಮ್ ಎರಡು ತಾಸು, ಹಳೇ ಪೇಪರು ವೆಬ್‌ಸೈಟಿನಾಗೇ ಸಿಗ್ತಾವ. ನಮ್ ಭಾಗದ ಹುಡುಗ್ರು ಅರ್ಜಿನೇ ಹಾಕಂಗಿಲ್ಲ, ನೀಟ್-ಜೆಇಇ ಬಿಟ್ಟು ಬ್ಯಾರೆ ಪರೀಕ್ಷೆ ಅದಾವಂತ ಪಿಯು ಕಾಲೇಜಿನಾಗ ಯಾರೂ ಹೇಳಂಗೂ ಇಲ್ಲ, ಇದು ನಂಗ ಭಾಳ ಸಿಟ್ಟು ಬರೋ ವಿಷಯ. ಐಎಸ್‌ಐನಾಗ ಸೀಟು ಸಿಕ್ರ ಬ್ರೋಷರ್ ಹರದು ಒಗೀರಿ. ಸಿಗಲಿಲ್ಲಂದ್ರ ಬಿಎಸ್ಸಿ ಆದಮ್ಯಾಲ ಐಎಸ್‌ಐನದೇ ಎಂ.ಸ್ಟ್ಯಾಟ್ ಪರೀಕ್ಷೆ ಅದ, ಐಐಟಿಗಳ ಎಂಎಸ್ಸಿಗೆ ಜ್ಯಾಮ್ ಅನ್ನೋ ಎಂಟ್ರನ್ಸ್ ಅದ, ಅದರಾಗ ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್ ಅಂತ ಬ್ಯಾರೆ ಪೇಪರೇ ಅದ.

ಕೆಲ್ಸದ ಮಾತು ಮುಚ್ಚಿಡಂಗಿಲ್ಲ. ಕೋಟಿ ಸಂಬಳ ಅಂತ ಪೇಪರಿನಾಗ ಬರೋ ಹೈ-ಫ್ರೀಕ್ವೆನ್ಸಿ ಟ್ರೇಡಿಂಗ್ (ಕಂಪ್ಯೂಟರಿನಿಂದ ಕ್ಷಣದಾಗ ಕೊಂಡು ಮಾರೋ) ಕಂಪನಿಗಳು ಐಐಟಿ, ಐಎಸ್‌ಐ ಕ್ಯಾಂಪಸ್ಸಿಗೇ ಹೋಗ್ತಾವ, ಕಲಬುರಗಿ ಬಿಎಸ್ಸಿ ಮ್ಯಾಲ ಸೀದಾ ಅಲ್ಲಿ ಹೊಕ್ಕೋದು ಆಗದ ಮಾತು ಅಂತನೇ ತಿಳೀರಿ. ಎಂಎಸ್ಸಿ ಆದಮ್ಯಾಲ ಬ್ಯಾಂಕಿನ ರಿಸ್ಕ್, ಮಾಡೆಲ್ ವ್ಯಾಲಿಡೇಶನ್ (ನಾ ಮಾಡೋ ಕೆಲ್ಸ ಅದೇ) ಕಡಿ ಬಾಗಲು ತೆರದದ. ವಿಮೆ ಲೆಕ್ಕದ ಕಡಿ ಮನಸಿದ್ರ ಆ್ಯಕ್ಚುರಿ, ಅದರ ಎಸಿಇಟಿ ಪರೀಕ್ಷೆ ಪಿಯುಸಿ ಮುಗಿದಮ್ಯಾಲೇ ಬರೀಬಹುದು, ಡಿಗ್ರಿ ಜೋಡಿ ಜೋಡಿ ನಡಸಬಹುದು.

ಆಕಿ ಎಂಜಿನಿಯರಿಂಗ್ ಕಡಿ ಹೊರಳಿದ್ರ 371ಜೆ (ನಮ್ ಕಲ್ಯಾಣ ಕರ್ನಾಟಕದವ್ರಿಗೆ ಮೀಸಲಾತಿ ಕೊಡೋ ಸಂವಿಧಾನದ ಕಲಂ) ಮರೀಬ್ಯಾಡ್ರಿ, ಸರ್ಕಾರಿ ಕೋಟಾದಾಗ ನಮ್ ಭಾಗದ ಕಾಲೇಜಿನಾಗ 70%, ರಾಜ್ಯದ ಉಳಿದ ಕಡಿ 8% ಸೀಟು ನಮಗ ಅದಾವ. ಐಎಸ್‌ಐ, ಐಐಟಿಗೆ ಅದು ನಡಿಯಂಗಿಲ್ಲ, ಪ್ರೈವೇಟ್ ಮ್ಯಾನೇಜ್‌ಮೆಂಟ್ ಸೀಟಿಗೂ ಇಲ್ಲ. 371ಜೆ ಸರ್ಟಿಫಿಕೇಟು ಅಸಿಸ್ಟೆಂಟ್ ಕಮಿಷನರ್ (ಎಸಿ) ಆಫೀಸಿನಿಂದ ಬರಬೇಕು, ರಿಸಲ್ಟ್ ಬಂದಮ್ಯಾಲ ಅಲ್ಲಿ ಪಾಳಿ ಹಚ್ಚೋರು ಭಾಳ ಆಗ್ತಾರ, ಅದಕ್ಕ ಪರೀಕ್ಷೆ ಮುಗಿದ ವಾರದಾಗೇ ಅರ್ಜಿ ಕೊಟ್ಟು ಬರ್ರಿ.