ಶೋಕವನ್ನು ಹಂಚಿಕೊಂಡವರು

ಪ್ರಶ್ನೆ: ಇಸ್ರೇಲಿ ಮತ್ತು ಪ್ಯಾಲೆಸ್ತೀನಿ ಕುಟುಂಬಗಳು ಒಟ್ಟಾಗಿ ಶೋಕ ಆಚರಿಸುತ್ತವೆಯಂತೆ. ಇದು ನಿಜವೇ? ಇದರಿಂದ ಪ್ರಯೋಜನವೇನು?

ಉತ್ತರ: ನಿಜ. ಹಮಾಸ್ 1994ರಲ್ಲಿ ಅಪಹರಿಸಿ ಕೊಂದ ಇಸ್ರೇಲಿ ಸೈನಿಕನೊಬ್ಬನ ತಂದೆ ಯಿತ್ಜಾಕ್ ಫ್ರಾಂಕೆಂಥಾಲ್ ಮರುವರ್ಷ ಆರಂಭಿಸಿದ ‘ಪೇರೆಂಟ್ಸ್ ಸರ್ಕಲ್’ ಸಂಘಟನೆಯಲ್ಲಿ ಇಂದು ಎರಡೂ ಕಡೆಯ 600ಕ್ಕೂ ಹೆಚ್ಚು ಕುಟುಂಬಗಳಿವೆ. ಈ ಸಂಘರ್ಷದಲ್ಲಿ ಆಪ್ತರನ್ನು ಕಳೆದುಕೊಂಡಿರುವುದೇ ಸದಸ್ಯತ್ವಕ್ಕೆ ಅರ್ಹತೆ. ಯಾರಿಗೂ ಬೇಡವಾದ ಅರ್ಹತೆ ಅದು.

ಇಸ್ರೇಲಿನ ರಾಮಿ ಎಲ್ಹನಾನ್ ಅವರ 13 ವರ್ಷದ ಮಗಳು ಸ್ಮದರ್, 1997ರಲ್ಲಿ ಜೆರುಸಲೇಮಿನ ಬೆನ್ ಯೆಹುದಾ ಬೀದಿಯಲ್ಲಿ ನಡೆದ ಆತ್ಮಾಹುತಿ ಸ್ಫೋಟದಲ್ಲಿ ಸತ್ತಳು. ಇಸ್ರೇಲಿ ಜೈಲಿನಲ್ಲಿ ಏಳು ವರ್ಷ ಕಳೆದಿದ್ದ ಪ್ಯಾಲೆಸ್ತೀನಿ ಬಸ್ಸಾಂ ಅರಾಮಿನ್ ಅವರ 10 ವರ್ಷದ ಮಗಳು ಅಬೀರ್, 2007ರಲ್ಲಿ ಅನಾತಾ ಊರಿನ ತನ್ನ ಶಾಲೆಯ ಹೊರಗೆ ಇಸ್ರೇಲಿ ಗಡಿ ಪೊಲೀಸರು ಹಾರಿಸಿದ ರಬ್ಬರ್ ಗುಂಡಿಗೆ ಬಲಿಯಾದಳು. ಈ ಇಬ್ಬರು ತಂದೆಯರು ವರ್ಷಗಳಿಂದ ಒಂದೇ ವೇದಿಕೆಯಲ್ಲಿ ಅಕ್ಕಪಕ್ಕ ಕುಳಿತು, ಮಗಳ ಹೆಸರು ಹೇಳಿಯೇ ಮಾತು ಆರಂಭಿಸುತ್ತಾರೆ.

ಇಸ್ರೇಲಿನ ಸ್ಮರಣ ದಿನದ ಮುನ್ನಾ ಸಂಜೆ, ‘ಕಂಬಾಟೆಂಟ್ಸ್ ಫಾರ್ ಪೀಸ್’ ಎಂಬ ಎರಡೂ ಕಡೆಯ ಮಾಜಿ ಹೋರಾಟಗಾರರ ಸಂಘಟನೆಯೊಂದಿಗೆ ಜಂಟಿ ಶ್ರದ್ಧಾಂಜಲಿ ಸಭೆಯೂ 2006ರಿಂದ ನಡೆಯುತ್ತಿದೆ. ಇಸ್ರೇಲ್ ಆಕ್ರಮಿಸಿರುವ ಪಶ್ಚಿಮ ದಂಡೆಯ ಪ್ಯಾಲೆಸ್ತೀನಿಯರು ಅಲ್ಲಿಗೆ ಬರಲು ಇಸ್ರೇಲಿನ ಅನುಮತಿ ಪತ್ರ ಬೇಕು. 2018 ಮತ್ತು 2019ರಲ್ಲಿ ಸರ್ಕಾರ ಅದನ್ನು ನಿರಾಕರಿಸಿದಾಗ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು.

ಪ್ರಯೋಜನದ ಬಗ್ಗೆ ಹೇಳುವುದಾದರೆ, ಇದು ಯುದ್ಧವನ್ನು ನಿಲ್ಲಿಸಿಲ್ಲ, ಆಕ್ರಮಿತ ನೆಲದ ಸ್ಥಿತಿಯನ್ನೂ ಬದಲಿಸಿಲ್ಲ. ಆ ಹೊಣೆ ಅಧಿಕಾರದಲ್ಲಿರುವವರದು. ಆದರೆ ಸೇಡಿಗೆ ಮೊದಲ ಹಕ್ಕುದಾರರೆಂದು ಎಲ್ಲರೂ ಭಾವಿಸುವ ಜನರೇ ಸೇಡು ಬೇಡವೆಂದಾಗ, ಅವರ ಹೆಸರಿನಲ್ಲಿ ಅದನ್ನು ಕೇಳುವವರ ವಾದ ದುರ್ಬಲವಾಗುತ್ತದೆ. ಎರಡೂ ಕಡೆಯ ಉಗ್ರರು ಇವರನ್ನು ದ್ರೋಹಿಗಳೆಂದು ಕರೆಯುವುದು ಬಹುಶಃ ಇದಕ್ಕಾಗಿಯೇ.