ನಿಮ್ಮ ಬೆಲೊಡೆಡಿಚ್ ಲೇಖನವನ್ನು ಯಾಕೆ ವಾಪಸ್ ಕಳಿಸುತ್ತಿದ್ದೇನೆ

ಪ್ರಿಯರೇ,

ನೀವು ಕಳಿಸಿದ 'ರೊಮೇನಿಯದ ಧ್ರುವತಾರೆ' ಲೇಖನವನ್ನು ಓದಿದೆ. ರೊಮೇನಿಯದ ಫುಟ್‌ಬಾಲ್ ಡಿಫೆಂಡರ್ ಮಿಯೊಡ್ರಾಗ್ ಬೆಲೊಡೆಡಿಚ್ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ಒಬ್ಬರಿಗೆ ಅನ್ನಿಸಿದ್ದೇ ನನಗೆ ಖುಷಿ ಕೊಟ್ಟಿತು. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ನೀವು ಇದನ್ನು ಮತ್ತೆ ಬರೆಯಬೇಕು ಎಂಬ ಆಸೆ ಇರುವುದರಿಂದ ಕಾರಣಗಳನ್ನು ನೇರವಾಗಿಯೇ ಹೇಳುತ್ತೇನೆ.

ನಿಮ್ಮ ಲೇಖನ ಸಾಗುವುದು ಹೀಗೆ: 1964ರಲ್ಲಿ ಹುಟ್ಟಿದರು. 1982ರಲ್ಲಿ ಸ್ಟೆಯಾವಾ ಬುಕಾರೆಸ್ಟ್ ಕ್ಲಬ್ ಸೇರಿದರು. 1986ರಲ್ಲಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಪಂದ್ಯಾವಳಿಯಾದ ಯುರೋಪಿಯನ್ ಕಪ್ ಗೆದ್ದರು. 1991ರಲ್ಲಿ ರೆಡ್ ಸ್ಟಾರ್ ಬೆಲ್‌ಗ್ರೇಡ್ ಪರ ಮತ್ತೆ ಗೆದ್ದರು. ಆಮೇಲೆ ಸ್ಪೇನ್, ಮೆಕ್ಸಿಕೊ, ನಿವೃತ್ತಿ. ನಡುನಡುವೆ ಅಪ್ರತಿಮ, ಅಮೋಘ, ಅಜೇಯ ಎಂಬ ಮಾತುಗಳು. ಇದೆಲ್ಲ ಓದಿದ ಮೇಲೂ ಈ ಮನುಷ್ಯ ಮೈದಾನದಲ್ಲಿ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಡಿಫೆಂಡರ್ ಬಗ್ಗೆ ಬರೆಯುವುದು ಕಷ್ಟ, ಒಪ್ಪುತ್ತೇನೆ. ಗೋಲು ಹೊಡೆದವರಿಗೆ ಲೆಕ್ಕ ಇರುತ್ತದೆ. ಗೋಲು ಆಗದ ಹಾಗೆ ನೋಡಿಕೊಂಡವರ ಕೆಲಸ ಸ್ಕೋರ್‌ಬೋರ್ಡ್‌ನಲ್ಲಿ ಬರೀ ಸೊನ್ನೆಯಾಗಿ ಉಳಿಯುತ್ತದೆ. ಆದರೆ ಬೆಲೊಡೆಡಿಚ್ ವಿಷಯದಲ್ಲಿ ಆ ಸೊನ್ನೆಯೇ ಒಂದು ದೊಡ್ಡ ಸಾಕ್ಷಿ. 1986ರ ಮೇ 7ರಂದು ಸೆವಿಲ್ಲಾದಲ್ಲಿ ಬಾರ್ಸಿಲೋನಾ ವಿರುದ್ಧ 120 ನಿಮಿಷ, 0-0. 1991ರ ಮೇ 29ರಂದು ಇಟಲಿಯ ಬಾರಿಯಲ್ಲಿ ಫ್ರಾನ್ಸಿನ ಮಾರ್ಸೇ ಕ್ಲಬ್ ವಿರುದ್ಧ 120 ನಿಮಿಷ, ಮತ್ತೆ 0-0. ಎರಡು ಫೈನಲ್, ನಾಲ್ಕು ಗಂಟೆ ಆಟ, ಅವರು ಕಾದ ಗೋಲಿಗೆ ಒಂದು ಚೆಂಡೂ ಹೋಗಲಿಲ್ಲ. ನಿಮ್ಮ ಲೇಖನದಲ್ಲಿ ಎರಡೂ ಪಂದ್ಯ ಶುರುವಾಗುವುದೇ ಪೆನಾಲ್ಟಿ ಶೂಟೌಟ್‌ನಿಂದ!

ಸೆವಿಲ್ಲಾದಲ್ಲಿ ಗೋಲ್‌ಕೀಪರ್ ಹೆಲ್ಮುತ್ ಡುಕಡಾಮ್ ಬಾರ್ಸಿಲೋನಾದ ನಾಲ್ಕೂ ಪೆನಾಲ್ಟಿ ತಡೆದದ್ದಕ್ಕೆ ನೀವು ಇಡೀ ಒಂದು ಪ್ಯಾರಾ ಕೊಟ್ಟಿದ್ದೀರಿ. ಅವರಿಗೆ ಅದು ಸಲ್ಲಬೇಕಾದದ್ದೇ. ಆದರೆ ಆಟ ಪೆನಾಲ್ಟಿ ತನಕ ಹೋಗಿದ್ದು ಹೇಗೆ? ಸ್ಟೇಡಿಯಂ ತುಂಬ ಬಾರ್ಸಿಲೋನಾ ಅಭಿಮಾನಿಗಳು. ಎದುರಿಗೆ ಶೂಸ್ಟರ್, ಆರ್ಚಿಬಾಲ್ಡ್ ಅಂಥ ಆಟಗಾರರು. ಸ್ಟೆಯಾವಾ ಪರ ಎದುರಾಳಿಯ ಮೈಗೆ ಅಂಟಿಕೊಂಡು ಆಡುವ ಒರಟು ಕೆಲಸ ಡಿಫೆಂಡರ್ ಬುಂಬೆಸ್ಕು ಅವರದು. ಬೆಲೊಡೆಡಿಚ್ ಅವರ ಹಿಂದೆ ಲಿಬೆರೊ ಆಗಿ ನಿಂತಿರುತ್ತಿದ್ದರು. ಅಂದರೆ ಇಂಥವರನ್ನೇ ಹಿಡಿಯಬೇಕು ಎಂಬ ಹೊಣೆ ಇಲ್ಲದ ಕೊನೆಯ ಆಟಗಾರ. ಮುಂದಿನವರು ತಪ್ಪಿದರೆ ತಾನು ಅಲ್ಲಿರಬೇಕು. ಪಾಸ್ ಎಲ್ಲಿಗೆ ಬರುತ್ತದೆ ಎಂದು ಅದು ಹೊರಡುವ ಮೊದಲೇ ತಿಳಿದಿರಬೇಕು. ಚೆಂಡು ಸಿಕ್ಕ ಮೇಲೆ ಸುಮ್ನೆ ದೂರ ಒದ್ದು ಕೈತೊಳೆದುಕೊಳ್ಳುವವರಲ್ಲ ಅವರು. ತಲೆ ಎತ್ತಿ, ಚೆಂಡಿನ ಜೊತೆ ತಾವೇ ಮುಂದೆ ಬರುತ್ತಿದ್ದರು. ಅಭಿಮಾನಿಗಳು ಅವರನ್ನು ಸಾರಂಗ ಎಂದು ಕರೆದದ್ದು ಆ ಓಟದ ಚಂದಕ್ಕೆ. ಹಳೆಯ ಪಂದ್ಯಗಳ ವಿಡಿಯೋ ಹಾಕಿಕೊಂಡು ಚೆಂಡನ್ನು ಬಿಟ್ಟು ಅವರೊಬ್ಬರನ್ನೇ ನೋಡಿ. ನೋಡಿದ್ದನ್ನು ಬರೆಯಿರಿ. ಆಗ 'ಅಪ್ರತಿಮ' ಎಂಬ ಪದ ಬೇಕಾಗುವುದಿಲ್ಲ.

ಸಂಗತಿಗಳ ತಪ್ಪು ಎರಡಿವೆ. 1986ರ ಫೈನಲ್ ಬಾರ್ಸಿಲೋನಾ ನಗರದಲ್ಲಿ ನಡೆಯಿತು ಎಂದು ಬರೆದಿದ್ದೀರಿ. ಅದು ಸೆವಿಲ್ಲಾ. ಇನ್ನೊಂದು, 'ಎರಡು ಬೇರೆ ಕ್ಲಬ್‌ಗಳೊಂದಿಗೆ ಯುರೋಪಿಯನ್ ಕಪ್ ಪಡೆದ ಮೊದಲ ಆಟಗಾರ' ಎಂಬ ಸಾಲು. ಇದನ್ನು ಎಲ್ಲರೂ ಬರೆಯುತ್ತಾರೆ, ಆದರೆ ಸ್ವಲ್ಪ ಜಾಗ್ರತೆ ಬೇಕು. ಜಿಮ್ಮಿ ರಿಮ್ಮರ್ 1968ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಮೀಸಲು ಗೋಲ್‌ಕೀಪರ್ ಆಗಿ ಬೆಂಚ್ ಮೇಲಿದ್ದರು. 1982ರಲ್ಲಿ ಆಸ್ಟನ್ ವಿಲ್ಲಾ ಪರ ಫೈನಲ್‌ಗೆ ಇಳಿದು ಕೆಲವೇ ನಿಮಿಷಗಳಲ್ಲಿ ನೋವಿನಿಂದ ಹೊರನಡೆದರು. ಎರಡೂ ಸಲ ಅವರ ತಂಡವೇ ಕಪ್ ಗೆದ್ದಿತು. ಹಾಗಾಗಿ 'ಎರಡು ಕ್ಲಬ್‌ಗಳ ಪರ ಫೈನಲ್ ಆಡಿ ಗೆದ್ದ ಮೊದಲಿಗ' ಎಂದು ಬರೆದರೆ ಸರಿಹೋಗುತ್ತದೆ.

ಈಗ ನನಗೆ ನಿಜಕ್ಕೂ ಬೇಸರವಾದ ಜಾಗಕ್ಕೆ ಬರುತ್ತೇನೆ. '1988ರಲ್ಲಿ ಅವರು ಯುಗೊಸ್ಲಾವಿಯದ ರೆಡ್ ಸ್ಟಾರ್ ಕ್ಲಬ್‌ಗೆ ವರ್ಗಾವಣೆಗೊಂಡರು.' ನಿಮ್ಮ ಲೇಖನದ ಆರನೇ ಪ್ಯಾರಾದಲ್ಲಿ ಈ ಒಂದು ಸಾಲು ಇದೆ, ಅಷ್ಟೇ. ಅದು ವರ್ಗಾವಣೆಯೇ ಅಲ್ಲ. ಆ ಮನುಷ್ಯ ದೇಶ ಬಿಟ್ಟು ಓಡಿಹೋದರು!

ಹಿನ್ನೆಲೆಯನ್ನು ನೀವು ಓದಿದ್ದೀರಿ ಎಂಬುದು ಬೇರೆ ಸಾಲುಗಳಿಂದ ಗೊತ್ತಾಗುತ್ತದೆ. ಬರೆಯಲು ಯಾಕೆ ಹಿಂಜರಿದಿರೋ ತಿಳಿಯಲಿಲ್ಲ. ಬೆಲೊಡೆಡಿಚ್ ಹುಟ್ಟಿದ್ದು ಸೊಕೊಲ್ ಎಂಬ ಹಳ್ಳಿಯಲ್ಲಿ. ರೊಮೇನಿಯದ ನೈಋತ್ಯ ಅಂಚು, ಡ್ಯಾನ್ಯೂಬ್ ನದಿಯ ಸೀಮೆ, ಗಡಿಯ ಆಚೆ ಯುಗೊಸ್ಲಾವಿಯ. ಮನೆಯವರು ಸೆರ್ಬ್ ಜನ. ಹುಡುಗ ಚಿಕ್ಕಂದಿನಿಂದಲೇ ರೆಡ್ ಸ್ಟಾರ್ ಅಭಿಮಾನಿ. ಆದರೆ ದೊಡ್ಡವನಾಗಿ ಆಡಿದ್ದು ಸ್ಟೆಯಾವಾದಲ್ಲಿ. ಅದು ರೊಮೇನಿಯ ಸೇನೆಯ ಕ್ಲಬ್. ಸರ್ವಾಧಿಕಾರಿ ಚೌಷೆಸ್ಕು ಅವರ ಮಗ ವ್ಯಾಲೆಂಟಿನ್ ಅದರ ಬೆನ್ನಿಗಿದ್ದವರು. 1986ರಿಂದ 1989ರವರೆಗೆ ದೇಶದ ಲೀಗ್‌ನಲ್ಲಿ ಸತತ 104 ಪಂದ್ಯ ಸೋಲದೆ ಆಡಿದ ತಂಡ ಅದು. ಅಲ್ಲಿ ಅವರಿಗೆ ಕೀರ್ತಿ ಇತ್ತು, ಕಪ್ ಇತ್ತು. ದೇಶದ ಉಳಿದ ಜನರಿಗೆ ಆ ವರ್ಷಗಳಲ್ಲಿ ಬ್ರೆಡ್ಡಿಗೂ ಸಾಲು, ಚಳಿಗಾಲದಲ್ಲಿ ಮನೆ ಬೆಚ್ಚಗಿಡಲೂ ಗತಿ ಇರಲಿಲ್ಲ. 1988ರ ಕೊನೆಯಲ್ಲಿ ಗಡಿ ದಾಟಿದ ಬೆಲೊಡೆಡಿಚ್ ಹಿಂದಿರುಗಲಿಲ್ಲ. ಬೆಲ್‌ಗ್ರೇಡ್‌ನಲ್ಲಿ ತಾವು ಚಿಕ್ಕಂದಿನಿಂದ ಪ್ರೀತಿಸಿದ ಕ್ಲಬ್‌ನ ಬಾಗಿಲು ತಟ್ಟಿದರು.

ಬೆಲೆ ಏನಾಯಿತು? ಸೇನೆಯ ಕ್ಲಬ್ ಬಿಟ್ಟು ಓಡಿದ್ದನ್ನು ರೊಮೇನಿಯ ದೇಶದ್ರೋಹ ಎಂದಿತು. ಅವರ ಗೈರುಹಾಜರಿಯಲ್ಲೇ 10 ವರ್ಷ ಜೈಲು ಶಿಕ್ಷೆ ವಿಧಿಸಿತು. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಒಂದು ವರ್ಷ ನಿಷೇಧ ಹೇರಿತು. 24 ವಯಸ್ಸು, ಯುರೋಪಿನ ಅತ್ಯುತ್ತಮ ಲಿಬೆರೊಗಳಲ್ಲಿ ಒಬ್ಬರು, ಅಧಿಕೃತ ಪಂದ್ಯ ಆಡುವ ಹಾಗಿಲ್ಲ. 1989ರ ಫೈನಲ್‌ನಲ್ಲಿ ಸ್ಟೆಯಾವಾ ಎಸಿ ಮಿಲಾನ್ ಎದುರು 4-0ರಿಂದ ಸೋತಾಗ ಆ ಕೊನೆಯ ಸಾಲಿನಲ್ಲಿ ಅವರಿರಲಿಲ್ಲ. 1990ರ ವಿಶ್ವಕಪ್‌ಗೆ ಹೋದ ರೊಮೇನಿಯ ತಂಡದಲ್ಲೂ ಇರಲಿಲ್ಲ. 1989ರ ಡಿಸೆಂಬರ್‌ನಲ್ಲಿ ಚೌಷೆಸ್ಕು ಆಡಳಿತ ಬಿದ್ದ ಮೇಲಷ್ಟೇ ಆ ಶಿಕ್ಷೆಯ ಭಯ ಹೋಯಿತು. ನಿಮ್ಮ ಲೇಖನದ ಅರ್ಧದಷ್ಟು ಜಾಗ ಇಲ್ಲಿಗೆ ಸಿಗಬೇಕು. ನಾನಾಗಿದ್ದರೆ ಇಲ್ಲಿಂದಲೇ ಶುರುಮಾಡುತ್ತಿದ್ದೆ.

ಇದನ್ನು ಬರೆದರೆ ಬಾರಿಯ ರಾತ್ರಿಗೂ ತೂಕ ಬರುತ್ತದೆ. ಅಲ್ಲಿ ರೆಡ್ ಸ್ಟಾರ್‌ನ ಮೂರನೇ ಪೆನಾಲ್ಟಿ ಹೊಡೆದು ಗೋಲು ಮಾಡಿದ್ದು ಬೆಲೊಡೆಡಿಚ್. ನೀವು ಅದನ್ನು ಹೇಳಿದ್ದೀರಿ, ಒಳ್ಳೆಯದು. ಅದರ ಪಕ್ಕದಲ್ಲೇ ಇನ್ನೊಬ್ಬರನ್ನು ನಿಲ್ಲಿಸಿ: ಡ್ರಾಗನ್ ಸ್ಟೊಯ್ಕೊವಿಚ್. ವರ್ಷದ ಹಿಂದಿನವರೆಗೂ ರೆಡ್ ಸ್ಟಾರ್‌ನ ಕಣ್ಮಣಿ, ಅಂದು ಮಾರ್ಸೇ ಆಟಗಾರ. ಹೆಚ್ಚುವರಿ ಸಮಯದ ಕೊನೆಯಲ್ಲಿ ಮೈದಾನಕ್ಕೆ ಬಂದ ಅವರು ತಮ್ಮ ಹಳೆಯ ಕ್ಲಬ್ ಎದುರು ಪೆನಾಲ್ಟಿ ಹೊಡೆಯಲು ಒಪ್ಪಲಿಲ್ಲ. ಒಂದೇ ಕ್ಲಬ್ ಮೇಲಿನ ಪ್ರೀತಿ ಒಬ್ಬರನ್ನು ಗಡಿ ದಾಟಿಸಿತು, ಇನ್ನೊಬ್ಬರ ಕಾಲನ್ನು ಹಿಡಿದಿಟ್ಟಿತು. ರೆಡ್ ಸ್ಟಾರ್ 5-3ರಿಂದ ಗೆದ್ದಿತು. ತಿಂಗಳು ತುಂಬುವ ಮೊದಲೇ ಕ್ರೊಯೇಷಿಯ, ಸ್ಲೊವೇನಿಯ ಸ್ವಾತಂತ್ರ್ಯ ಘೋಷಿಸಿದವು. ಆ ತಂಡವೂ ಆ ದೇಶವೂ ಚೂರಾದವು. ಬೆಲೊಡೆಡಿಚ್ 1992ರಲ್ಲಿ ಸ್ಪೇನಿನ ವೆಲೆನ್ಸಿಯಾ ಕ್ಲಬ್‌ಗೆ ಹೊರಟರು.

ಕೊನೆಯದಾಗಿ ಒಂದು ಗಂಭೀರ ಮಾತು. 1994ರ ವಿಶ್ವಕಪ್ ಬಗ್ಗೆ ಬರೆಯುವಾಗ ಅರ್ಜೆಂಟೀನಾವನ್ನು 3-2ರಿಂದ ಸೋಲಿಸಿದ ಪಂದ್ಯದ ಹತ್ತಿರ ನಿಲ್ಲಿಸಿದ್ದೀರಿ. ಮುಂದಿನ ಪಂದ್ಯ, ಸ್ವೀಡನ್ ವಿರುದ್ಧದ ಕ್ವಾರ್ಟರ್‌ಫೈನಲ್, ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸ್ಟೇಡಿಯಂ, 2-2, ಮತ್ತೆ ಪೆನಾಲ್ಟಿ. ಸ್ವೀಡನ್‌ನ ಲಾರ್ಸನ್ ಗೋಲು ಹೊಡೆದಾದ ಮೇಲೆ ಬೆಲೊಡೆಡಿಚ್ ಹೊಡೆದ ಚೆಂಡನ್ನು ಗೋಲ್‌ಕೀಪರ್ ಥಾಮಸ್ ರವೆಲ್ಲಿ ತಡೆದರು. ರೊಮೇನಿಯ ಮನೆಗೆ ಹೋಯಿತು. ಹಾಜಿ, ಪೊಪೆಸ್ಕು, ಪೆಟ್ರೆಸ್ಕು ಇದ್ದ ಆ ತಂಡ ಸೆಮಿಫೈನಲ್‌ಗೆ ಅಷ್ಟು ಹತ್ತಿರ ಬಂದಿತ್ತು. ನಿಮ್ಮ ನಾಯಕನಿಗೆ ಕಪ್ಪು ಚುಕ್ಕೆ ಬೇಡ ಅಂತ ಬಿಟ್ಟಿರಿ ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಫುಟ್‌ಬಾಲ್ ಗೊತ್ತಿರುವ ಓದುಗರು ಆ ಖಾಲಿ ಜಾಗವನ್ನು ತಕ್ಷಣ ಹಿಡಿಯುತ್ತಾರೆ, ಆಮೇಲೆ ನೀವು ಹೊಗಳಿದ್ದನ್ನೂ ನಂಬುವುದಿಲ್ಲ. ಬಾರಿಯಲ್ಲಿ ಗೋಲು ಹೊಡೆದ ಅದೇ ಮನುಷ್ಯ ಮೂರು ವರ್ಷದ ನಂತರ ಹಾಗೆ ನಿಲ್ಲಬೇಕಾಯಿತಲ್ಲ, ಅದನ್ನು ಓದುವಾಗ ಅವರ ಮೇಲಿನ ಗೌರವ ನನಗಂತೂ ಜಾಸ್ತಿಯೇ ಆಗುತ್ತದೆ.

ಸ್ಪೇನಿನ ವಲ್ಲಾದೊಲಿಡ್, ವಿಲ್ಲಾರಿಯಲ್, ಮೆಕ್ಸಿಕೊದ ಅಟ್ಲಾಂಟೆ ಕ್ಲಬ್‌ಗಳ ವರ್ಷಗಳನ್ನು ಎರಡು ಸಾಲಿನಲ್ಲಿ ಮುಗಿಸಿ, ಸಾಕು. ಆದರೆ 1998ರಲ್ಲಿ ಸ್ಟೆಯಾವಾಗೆ ಮರಳಿ ಬಂದ ಭಾಗವನ್ನು ದಯವಿಟ್ಟು ಮುಟ್ಟಬೇಡಿ. ಯಾವ ಕ್ಲಬ್ ಬಿಟ್ಟದ್ದಕ್ಕೆ ದ್ರೋಹಿ ಎಂದು ಶಿಕ್ಷೆಯಾಯಿತೋ ಅದೇ ಕ್ಲಬ್‌ನ ಅಂಗಿಯನ್ನು ಮತ್ತೆ ತೊಟ್ಟು 2001ರವರೆಗೆ ಆಡಿದ್ದನ್ನು ನೀವು ಒಂದೂ ವಿಶೇಷಣ ಇಲ್ಲದೆ ಬರೆದಿದ್ದೀರಿ. ಇಡೀ ಲೇಖನದಲ್ಲಿ ನಾನು ಎರಡು ಸಲ ಓದಿದ ಪ್ಯಾರಾ ಅದೊಂದೇ.

ಶೀರ್ಷಿಕೆಯನ್ನೂ ಬದಲಿಸಿ. ಉದ್ದ 1,500 ಪದ ಮೀರದಿರಲಿ. ಅವಸರ ಬೇಡ. ಬರೆದಾದ ಮೇಲೆ ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ